ಅನಂತಯ್ಯ ಸಾರ್ ಮಾಡಿದ ಆನೆಗಂಟೆ

ಅನಂತಯ್ಯ ಸಾರ್ ಊಟಕ್ಕೆ ಮೊದಲು ಮೂರು ಸಲ ಸೋಪು ಹಚ್ಚಿ ಕೈ ತೊಳೆಯುತ್ತಿದ್ದರು. ಆಮೇಲೆ ನನ್ನ ಕೈ ಹಿಡಿದೆಳೆದು ನಲ್ಲಿಯ ಕೆಳಗಿಡುತ್ತಿದ್ದರು. "ಲ್ಯಾಬಿನ ಈ ಪುಡಿಯಲ್ಲಿ ಸೀಸ ಉಂಟು ಮಾರಾಯ. ನಾಳೆ ನಿನ್ನ ಹೆಂಡತಿ ನನ್ನನ್ನು ಬೈಯಬಾರದಲ್ಲ." ಮಡಿಕೇರಿಯ ಅರ್ಚಕರ ಮನೆಯವರು ಅವರು. ಮಡಿ ಬಿಟ್ಟವರನ್ನು ಈ ಪುಡಿ ಮತ್ತೆ ಮಡಿಗೆ ಹಚ್ಚಿತು ಎಂದು ನಾನು ಕೀಟಲೆ ಮಾಡುತ್ತಿದ್ದೆ.

ಗೋಣಿಕೊಪ್ಪಲಿನ ಹತ್ತಿರದ ಒಂದು ಕಾಲೇಜಿನಲ್ಲಿ ಅವರು ಭೌತಶಾಸ್ತ್ರದ ಮೇಷ್ಟ್ರು, ನಾನು ಲ್ಯಾಬ್ ಅಟೆಂಡರ್. ಸೆರಾಮಿಕ್ ಪುಡಿಯನ್ನು ಎಪಾಕ್ಸಿ ಅಂಟಿನಲ್ಲಿ ಕಲಸಿ, ಒತ್ತಿ, ಅಂಗೈಯಗಲದ ಹಾಳೆ ಮಾಡುತ್ತಿದ್ದೆವು. ಎರಡೂ ಮುಖಕ್ಕೆ ಬೆಳ್ಳಿ ಬಣ್ಣ ಬಳಿದು, ಬಿಸಿ ಎಣ್ಣೆಯಲ್ಲಿ ಮುಳುಗಿಸಿ ಹೈ ವೋಲ್ಟೇಜ್ ಕೊಟ್ಟ ಮೇಲೆ ಅದಕ್ಕೆ ಜೀವ ಬರುತ್ತಿತ್ತು: ಒತ್ತಿದರೆ ಸಾಕು, ಕರೆಂಟು ಹುಟ್ಟುವುದು. ಸುಟ್ಟು ಕಪ್ಪಾದವೇ ಹೆಚ್ಚು. "ಇದಕ್ಕೆ ಇವತ್ತು ಸಿಟ್ಟು ಬಂದಿದೆ, ನಾಳೆ ಮಾತಾಡಿಸುವ" ಅನ್ನುತ್ತಿದ್ದರು.

ಪಕ್ಕದ ಕಾಫಿ ಎಸ್ಟೇಟಿನ ಕಾರ್ಮಿಕರ ಲೈನ್ ಮನೆಗಳ ದಾರಿಯಲ್ಲಿ ಈ ಹಾಳೆಗಳನ್ನು ಹೂತಿಡಬೇಕು, ಆನೆ ಕಾಲಿಟ್ಟ ಕೂಡಲೇ ಗಂಟೆ ಹೊಡೆಯಬೇಕು. ಇದು ಅವರ ಹಟ. ಪರೀಕ್ಷೆಗೆ ಆನೆಯನ್ನು ಎಲ್ಲಿಂದ ತರುವುದು? ಕಾಫಿ ಮೂಟೆ ತಂದೆವು. ನಾನು ಎತ್ತಿ ಹಾಳೆಯ ಮೇಲೆ ಧೊಪ್ಪೆಂದು ಹಾಕಿದೆ, ಗಂಟೆ ಹೊಡೆಯಿತು. ಹತ್ತು ಸಲ ಹಾಕಿದರೆ ಹತ್ತು ಸಲವೂ ಹೊಡೆಯಿತು. ಹೂತಿಟ್ಟ ದಿನ ಸಾರ್ ಲೈನಿನವರನ್ನೆಲ್ಲ ಕರೆದು, "ಗಂಟೆ ಹೊಡೀಲಿಲ್ಲಾಂದ್ರೆ ಧೈರ್ಯವಾಗಿ ಹೋಗಿ" ಅಂದರು.

ಎರಡು ತಿಂಗಳೂ ಆಗಿರಲಿಲ್ಲ. ಬೆಳಿಗ್ಗೆ ನೀರಿಗೆ ಹೊರಟಿದ್ದ ಲೈನಿನ ಜಾನಕಿಯನ್ನು ಆನೆ ಎತ್ತಿ ಎಸೆಯಿತು. ಸೊಂಟ ಮುರಿಯಿತು. ಆಸ್ಪತ್ರೆಗೆ ಓಡಿದೆವು. ಅವಳು ಬೈದಿದ್ದರೆ ತಡೆದುಕೊಳ್ಳಬಹುದಿತ್ತು. "ಗಂಟೆ ಹೊಡೀಲಿಲ್ಲಲ್ಲ ಸಾರ್, ಅದಕ್ಕೇ ಹೋದೆ" ಅಂದಳು, ಅಷ್ಟೇ.

ದಾರಿಗೆ ಬಂದು ನೋಡಿದರೆ ಆನೆಯ ಹೆಜ್ಜೆ ಸರಿಯಾಗಿ ಹಾಳೆಯ ಮೇಲೆಯೇ ಬಿದ್ದಿತ್ತು. ಹಾಳೆ ಕೆಟ್ಟಿರಲಿಲ್ಲ. ಸಾರ್ ಅಲ್ಲೇ ಕುಕ್ಕರಿಸಿದರು. "ಆನೆ ಮೂಟೆಯಲ್ಲ ಮಾರಾಯ, ಮೆಲ್ಲ ಕಾಲಿಡ್ತದೆ. ಮೆಲ್ಲ ಒತ್ತಿದ್ರೆ ಹುಟ್ಟಿದ ಕರೆಂಟು ಗಂಟೆ ಹೊಡೆಯೋ ಮೊದ್ಲೇ ಸೋರಿಹೋಗ್ತದೆ. ಕೊಡಗಿನಲ್ಲಿ ಹುಟ್ಟಿ ಇಷ್ಟು ತಿಳೀಲಿಲ್ವಲ್ಲ ನಂಗೆ!" ಅಯ್ಯೋ, ನನಗೂ ಗೊತ್ತಿತ್ತಲ್ಲ! ಅಂಗಳದಲ್ಲಿ ಲದ್ದಿ ಕಂಡ ಮೇಲೆಯೇ ನಮಗೆ ಆನೆ ಬಂದುಹೋದದ್ದು ತಿಳಿಯುತ್ತಿದ್ದದ್ದು. ಆದರೂ ಮೂಟೆ ಎತ್ತಿ ಹಾಕಿದವನು ನಾನೇ. ಆ ಸಂಕಟ ಇನ್ನೂ ಹೋಗಿಲ್ಲ.

ವರ್ಷವಿಡೀ ಕೂತು ಸರ್ಕ್ಯೂಟನ್ನು ಬದಲಾಯಿಸಿದರು. ಆನೆ ಶಿಬಿರಕ್ಕೆ ಒಯ್ದು, ಮುದಿ ಆನೆಯೊಂದನ್ನು ಹಾಳೆಗಳ ಮೇಲೆ ನಡೆಸಿದೆವು. ಪ್ರತಿ ಹೆಜ್ಜೆಗೂ ಗಂಟೆ ಹೊಡೆಯಿತು. ಸಾರ್ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡು ಜೀಪು ಹತ್ತಿದರು. ಹಾಳೆಗಳನ್ನು ಮತ್ತೆ ಲೈನಿನ ದಾರಿಯಲ್ಲಿ ಹೂತಿಟ್ಟೆವು.

ಸಾರ್ ತೀರಿಕೊಳ್ಳುವ ಹಿಂದಿನ ವಾರ ನೋಡಲು ಹೋಗಿದ್ದೆ. ಮಾತಿಗೆ ಉಸಿರು ಸಾಲುತ್ತಿರಲಿಲ್ಲ.

"ಜಾನಕಿ ನಡೀತಾಳಾ?"

"ಕೋಲು ಹಿಡ್ದು ನಡೀತಾಳೆ ಸಾರ್."

"ಈಗ ಗಂಟೆ ನಂಬ್ತಾಳಾ?"

ಸುಳ್ಳು ಹೇಳೋಣವೆಂದರೆ ನಾಲಿಗೆ ಹೊರಳಲಿಲ್ಲ. "ಇಲ್ಲ ಸಾರ್. ಅದು ಹೊಡೀದಿದ್ರೂ ನಿಂತು, ನಾಲ್ಕೂ ಕಡೆ ನೋಡ್ಕೊಂಡೇ ಹೋಗ್ತಾಳೆ."

"ಹಾಗೇ ಹೋಗ್ಲಿ" ಅಂದರು. ಗೋಡೆಯ ಕಡೆ ತಿರುಗಿ, "ಆವತ್ತು ನಾನು ಹೇಳ್ಬೇಕಾಗಿದ್ದೂ ಅದೇ" ಅಂದರು.