ಒತ್ತದೆ ಮಸೆಯುವುದು

ಹುನಗುಂದದ ರಸ್ತೆಯಲ್ಲಿ ಬೈಕಿನಿಂದ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡೆ. ಎಲುಬು ಕೂಡಿತು, ಹಿಡಿತ ಮಾತ್ರ ಮೊದಲಿನಂತೆ ಬರಲಿಲ್ಲ. ಉಳಿಯನ್ನು ಸಾಣೆಕಲ್ಲಿನ ಮೇಲೆ ಒಂದೇ ಓರೆಯಲ್ಲಿ ಹಿಡಿಯಲು ಆಗುತ್ತಿರಲಿಲ್ಲ. ಸ್ವಲ್ಪ ಎಳೆಯುವಷ್ಟರಲ್ಲಿ ಕೈ ವಾಲಿ, ಉಳಿಯ ಬಾಯಿ ದುಂಡಗಾಗಿಬಿಡುತ್ತಿತ್ತು.

ಇಳಕಲ್ಲಿನಲ್ಲಿ ನಾನೂ ಅಣ್ಣನೂ ನಡೆಸುವ ಬಡಗಿ ಅಂಗಡಿಯಲ್ಲಿ ಅಪ್ಪನ ಕಾಲದಿಂದ ಒಂದು ಕಟ್ಟಳೆ ಇದೆ. ತನ್ನ ಉಳಿಯನ್ನು ತಾನೇ ಮಸೆಯಬೇಕು. ಅದಾಗದವನು ಬಾಗಿಲು, ಚೌಕಟ್ಟಿನ ಕೆಲಸ ಬಿಟ್ಟು ಪಾಲಿಶ್ ಪೇಪರ್ ತಿಕ್ಕಲು, ವಾರ್ನಿಶ್ ಹಚ್ಚಲು ಕೂರಬೇಕು. ಅಪ್ಪನೂ ಕೊನೆಗೆ ಹಾಗೆಯೇ ಕೂತಿದ್ದ. ಅಣ್ಣನಂತೂ ಈ ಕಟ್ಟಳೆಯನ್ನು ಅಪ್ಪನಿಗಿಂತ ಬಿಗಿಯಾಗಿ ಹಿಡಿದವನು. "ಕೊಡ್ ಇಲ್ಲೆ, ನಾ ಮಸ್ದು ಕೊಡ್ತೇನಿ" ಎಂದು ಅವನು ಕೈ ಚಾಚಿದಾಗ ನನಗೆ ಅದರಲ್ಲಿ ಪ್ರೀತಿ ಕಾಣಲಿಲ್ಲ, ವಾರ್ನಿಶ್ ಡಬ್ಬಿ ಕಂಡಿತು. ಕೊಡಲಿಲ್ಲ.

ವಿದ್ಯಾಗಿರಿಯ ಕಾಲೇಜಿನಲ್ಲಿ ಓದುವ ಮಗಳು ಮೊಬೈಲಿನಲ್ಲಿ ಹುಡುಕಿ ಎರಡು ಡೈಮಂಡ್ ಪ್ಲೇಟು, ಒಂದು ಜಿಗ್ ತರಿಸಿಕೊಟ್ಟಳು. ಪ್ಲೇಟೆಂದರೆ ವಜ್ರದ ಪುಡಿ ಕೂರಿಸಿದ ಉಕ್ಕಿನ ಹಲಗೆ. ಒಂದು ಒರಟು, ಇನ್ನೊಂದು ನಯ. ಜಿಗ್ ಎಂದರೆ ಉಳಿಯನ್ನು ಕಚ್ಚಿ ಹಿಡಿಯುವ, ಕೆಳಗೆ ಸಣ್ಣ ಗಾಲಿಯಿರುವ ಹಿಡಿಕೆ. ಓರೆಯ ಚಿಂತೆ ಅದರದು, ನಾವು ಹಿಂದೆ ಮುಂದೆ ಉರುಳಿಸಿದರಾಯಿತು.

ಮಧ್ಯಾಹ್ನದವರೆಗೆ ಉರುಳಿಸಿದೆ. ಒಂದು ಮೂಲೆ ಮಾತ್ರ ಸವೆದು ಬಾಯಿ ಸೊಟ್ಟಗಾಯಿತು. ಮಗಳಿಗೆ ಫೋನ್ ಮಾಡಿದೆ.

"ಒತ್ತಬ್ಯಾಡಪಾ. ಒತ್ತಿದ್ರ ವಜ್ರದ ಪುಡೀನ ಉದರ್ತೈತಂತ. ನೀರ್ ಹಾಕಿ ಹಗೂರ ಆಡಸಂತ ವಿಡಿಯೋದಾಗ ಹೇಳ್ಯಾರ" ಎಂದಳು.

ಬಾದಾಮಿ ಕಡೆಯ ಕೆಂಪುಕಲ್ಲಿನ ಮೇಲೆ ಮೈಭಾರವೆಲ್ಲ ಹಾಕಿ ತಿಕ್ಕಿದವರು ನಾವು. ಒತ್ತದೆ ಮಸೆಯುವುದೆಂದರೆ ನನಗೆ ಕೈಕಟ್ಟಿ ಕೂತ ಹಾಗೆ. ಈ ವಯಸ್ಸಿನಲ್ಲಿ ಮತ್ತೆ ಮೊದಲಿನಿಂದ ಕಲಿಯಬೇಕೆಂದರೆ ಸಾಕುಸಾಕಾಗುತ್ತದೆ. ಸಿಟ್ಟೂ ಬರುತ್ತದೆ, ಯಾರ ಮೇಲೆ ಎಂದು ಗೊತ್ತಾಗುವುದಿಲ್ಲ. ಆದರೂ ದಿನಾ ಕೂತೆ. ಮರೆತು ಒತ್ತಿದೆ, ನೆನಪಾಗಿ ಸಡಿಲಬಿಟ್ಟೆ.

ಕಡೆಗೊಂದು ದಿನ ನಯ ಪ್ಲೇಟಿನಿಂದ ತೆಗೆದ ಉಳಿ ಸಾಗವಾನಿಯಿಂದ ಉಳ್ಳಾಗಡ್ಡಿ ಸಿಪ್ಪೆಯಂಥ ಪದರ ಎಬ್ಬಿಸಿತು. ಅಣ್ಣ ಬಂದು ಉಳಿಯ ಬಾಯಿಯನ್ನು ಹೆಬ್ಬೆರಳಿನ ಉಗುರಿನ ಮೇಲಿಟ್ಟು ಹರಿತ ನೋಡಿದ. ಜಾರದೆ ಕಚ್ಚಿ ನಿಂತಿತು.

"ಇದನ್ನ ನೀ ಮಸ್ದೆನ, ಆ ಗಾಲಿ ಮಸೀತ?"

"ಕೈ ನಂದ ಐತಲ್ಲ" ಎಂದೆ. ಜಗಳಕ್ಕೆ ಸಿದ್ಧನಾಗಿಯೇ ಹೇಳಿದ್ದೆ.

ಅವನು ಜಗಳವಾಡಲಿಲ್ಲ. ಹೋಗಿ ತನ್ನ ಅಗಲ ಉಳಿ ತಂದು ನನ್ನ ಮುಂದಿಟ್ಟ. ಅದರ ಬಾಯಿಯೂ ದುಂಡಗಾಗಿತ್ತು. ಇಡುವಾಗ ಅವನ ಬೆರಳು ನಡುಗುತ್ತಿದ್ದವು.

"ಇದನ್ನೂ ಒಂದೀಟ ಮಸ್ದು ಕೊಡು."

"ಬಾ, ಕೂಡ್ರು. ನೀನ ಮಸಿ, ನಾ ತೋರಸ್ತೇನಿ" ಎಂದು ಜಿಗ್ಗನ್ನು ಅವನತ್ತ ಸರಿಸಿದೆ.

"ಬ್ಯಾಡೋ. ಸಾಕಾಗೇತಿ ನನಗ."

ಅಣ್ಣ ಪಾಲಿಶ್ ಪೇಪರ್ ತೆಗೆದುಕೊಂಡು ಬಾಗಿಲ ಬಳಿ ಹೋಗಿ ಕೂತ. ಗೆದ್ದೆ ಎಂದು ನನಗೆ ಹಗುರವಾಗಬೇಕಿತ್ತು. ಆಗಲಿಲ್ಲ. ನಾಳೆಯಿಂದ ಚೌಕಟ್ಟಿನ ಕೆಲಸಕ್ಕೆ ನಾನೊಬ್ಬನೇ.