ಅಂಗಿ ತೆಗೆಯದವನ ವ್ರತ

ಮದುವೆಯಾದ ಹೊಸತರಲ್ಲಿ ನಾವಿಬ್ಬರೂ ಒಂದೇ ಮನೆಯಲ್ಲಿದ್ದದ್ದು ಹನ್ನೊಂದು ದಿನ. ಹೆಂಡತಿ ಹದಿಮೂರು ಅನ್ನುತ್ತಾಳೆ. ಅವಳದೇ ಸರಿ ಇರಬೇಕು. ಅವಳು ದಿನ ಎಣಿಸುತ್ತಿದ್ದಳು, ನಾನು ದೂಡುತ್ತಿದ್ದೆ. ಅಷ್ಟೂ ದಿನ ಅವಳ ಎದುರು ನಾನು ಅಂಗಿ ತೆಗೆಯಲಿಲ್ಲ.

ಕಾರಣವನ್ನು ಈಗಲೇ ಹೇಳಿಬಿಡುತ್ತೇನೆ. ಹದಿನಾಲ್ಕನೇ ವಯಸ್ಸಿನಿಂದ ನನ್ನ ಎದೆ ಬೇರೆ ಗಂಡಸರ ಎದೆಯಂತೆ ಚಪ್ಪಟೆಯಾಗಿಲ್ಲ. ಎರಡೂ ಕಡೆ ಮೆತ್ತಗೆ ಉಬ್ಬಿದೆ. ಡಾಕ್ಟರು ಅದಕ್ಕೊಂದು ಉದ್ದನೆಯ ಹೆಸರು ಹೇಳಿ, ಬಹಳ ಜನರಿಗೆ ಇರುತ್ತದೆ, ಅಪಾಯವೇನಿಲ್ಲ ಎಂದರು. ಬೀದರಿನ ಶಾಲೆಯಲ್ಲಿ ಹುಡುಗರು ಇಟ್ಟ ಹೆಸರು ಅದಕ್ಕಿಂತ ಚಿಕ್ಕದು, ಅದನ್ನು ಬರೆಯುವುದಿಲ್ಲ. ಒಳಗೆ ಬಿಗಿ ಬನಿಯನ್, ಮೇಲೆ ದೊಗಳೆ ಅಂಗಿ, ಬೆನ್ನು ತುಸು ಬಾಗಿಸಿದ ನಡಿಗೆ. ಹದಿನೇಳು ವರ್ಷ ಹೀಗೇ ಕಳೆದಿದ್ದೆ. ನಾಸಿಕದ ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ನನ್ನದು ತಪಾಸಣೆಯ ಕೆಲಸ. ತಗಡಿನ ಮೇಲೆ ಬೆರಳಾಡಿಸಿ, ಉಬ್ಬು ತಗ್ಗು ಸಿಕ್ಕಲ್ಲಿ ಪೆನ್ಸಿಲಿನಿಂದ ಸುತ್ತು ಹಾಕುವುದು. ಇದನ್ನು ನನ್ನ ಎದೆಗೆ ಹೋಲಿಸುವ ಆಸೆ ಈಗ ಬರೆಯುವಾಗ ಹುಟ್ಟಿದ್ದು. ಆಗ ಹಾಗೆಲ್ಲ ಅನಿಸಿರಲಿಲ್ಲ. ಆಗ ಬರೀ ಸೆಕೆಯಾಗುತ್ತಿತ್ತು.

ಅವಳು ಹತ್ತಿರ ಬಂದಾಗಲೆಲ್ಲ ನನಗೆ ತಲೆನೋವು, ಇಲ್ಲವೆ ಶಿಫ್ಟಿನ ಆಯಾಸ. ಅವಳ ಕೈ ಭುಜದ ಮೇಲೆ ಬಿದ್ದರೆ ಸಾಕು, ಅದು ಮುಂದೆ ಎಲ್ಲಿಗೆ ಸರಿಯುತ್ತದೆಯೋ ಎಂದು ಮೈ ಸೆಟೆದುಕೊಳ್ಳುತ್ತಿತ್ತು. ಅಷ್ಟರಲ್ಲಿ ಆಷಾಢ ಬಂತು. ಆಷಾಢದಲ್ಲಿ ಹೊಸ ಸೊಸೆ ತವರಿನಲ್ಲಿರಬೇಕೆಂಬ ರೂಢಿಯಂತೆ ಅವಳನ್ನು ಛತ್ರಪತಿ ಸಂಭಾಜಿನಗರಕ್ಕೆ ಕರೆದುಕೊಂಡು ಹೋದರು. ಅವಳ ಮನೆಯವರು ಮೂಲತಃ ಕಲಬುರಗಿಯವರು, ಎರಡು ತಲೆಮಾರಿನಿಂದ ಅಲ್ಲಿ ಬಟ್ಟೆ ವ್ಯಾಪಾರ. ನಾಸಿಕ್ ರೋಡ್ ಸ್ಟೇಷನ್ನಿನಲ್ಲಿ ರೈಲು ಹೊರಟಾಗ ಕೈ ಬೀಸಿದೆ. ಆಷಾಢ ಬಂತೆಂದು ನಿರಾಳವಾದ ಹೊಸ ಗಂಡ ನಮ್ಮ ಬಳಗದಲ್ಲಿ ಇನ್ನೊಬ್ಬ ಇರಲಿಕ್ಕಿಲ್ಲ.

ತಿಂಗಳು ಮುಗಿಯುತ್ತಿದ್ದಂತೆ ಅತ್ತೆ ಫೋನ್ ಮಾಡಿದರು. "ಅಳಿಯಾರ, ಯಾವಾಗ ಬರ್ತೀರಿ ಕರ್ಕೊಂಡು ಹೋಗ್ಲಿಕ್ಕ?"

"ಶ್ರಾವಣ ಮುಗೀಲಿ ಅತ್ತಿಯವರ. ಒಂದು ವ್ರತ ಹಿಡದೀನಿ," ಎಂದೆ. ಬಾಯಿಗೆ ಬಂದದ್ದು ಅದು.

ಎಂಥ ವ್ರತ ಎಂದು ಅವರು ಕೇಳಲಿಲ್ಲ. ಶಿವಭಕ್ತರ ಮನೆ, ಅಂಥದ್ದನ್ನು ಕೆದಕಿ ಕೇಳುವವರಲ್ಲ. ಮೆಚ್ಚಿಕೊಂಡರು. ಮೆಚ್ಚಿದ್ದನ್ನು ಬಳಗಕ್ಕೆಲ್ಲ ಹೇಳಿದರು. ಈ ಕಾಲದ ಹುಡುಗ, ಮದುವೆಯಾದ ವರ್ಷವೇ ಇಂಥ ಸಂಯಮ! ಅವರ ಸಂಬಂಧಿಕರೊಬ್ಬರು ನಮ್ಮ ಕ್ಯಾಂಟೀನಿನಲ್ಲೇ ಊಟ ಮಾಡುತ್ತಿದ್ದುದರಿಂದ ಸೋಮವಾರಗಳಂದು ನಾನು ನಿಜವಾಗಿಯೂ ಉಪವಾಸ ಇರಬೇಕಾಯಿತು. ಹೆಂಡತಿ ಮಾತ್ರ ವ್ರತದ ಬಗ್ಗೆ ಒಂದು ಮಾತೂ ಆಡಲಿಲ್ಲ. ಅವಳ ಫೋನ್ ಮಾತು ದಿನದಿನಕ್ಕೆ ಚಿಕ್ಕದಾಯಿತು. ಊಟ ಆಯ್ತಾ, ಮಳಿ ಅದ ಏನು, ಇಡ್ತೀನಿ.

ವ್ರತ ಮುಗಿಸಲು ಶ್ರಾವಣದ ಕೊನೆಯ ಸೋಮವಾರ ಎಲ್ಲೋರ ಗುಹೆಗಳ ಪಕ್ಕದ ವೇರೂಳಿನ ಘೃಷ್ಣೇಶ್ವರನಿಗೆ ಅಭಿಷೇಕ ಮಾಡಿಸುವುದೆಂದು ಅತ್ತೆಯೇ ನಿಶ್ಚಯಿಸಿದರು. ಅಲ್ಲಿ ಗರ್ಭಗುಡಿಗೆ ಹೋಗುವ ಗಂಡಸರು ಅಂಗಿ, ಬನಿಯನ್ ಎರಡೂ ಕಳಚಬೇಕು. ಇದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದೂ ಮರೆತಿದ್ದೆನೋ. ನನ್ನ ಮರೆವಿಗೆ ನಾನೇ ಹೇಳುವ ಸಾಕ್ಷಿಯನ್ನು ಪೂರ್ತಿ ನಂಬಬೇಡಿ.

ಆ ಸೋಮವಾರ ಮೂವರೂ ಗುಡಿಯ ಸಾಲಿನಲ್ಲಿ ನಿಂತೆವು. ಸಾಲು ಸರಿಯಿತು. ಮುಂದಿದ್ದವರು ಒಬ್ಬೊಬ್ಬರಾಗಿ ಅಂಗಿ ಬಿಚ್ಚಿ ತೋಳಿನ ಮೇಲೆ ಹಾಕಿಕೊಂಡರು.

"ತೆಗೀರಿ ಅಳಿಯಾರ," ಅತ್ತೆ ಬಿಲ್ವಪತ್ರೆಯ ಪೊಟ್ಟಣ ಬಿಚ್ಚುತ್ತ ಹೇಳಿದರು.

"ಯಾಕೋ ಜ್ವರ ಬಂದಂಗ ಅನಸ್ತದ."

"ಈಗರೆ ಉಪವಾಸದ ಸಾಬುದಾಣಿ ಖಿಚಡಿ ಎರಡು ಸಲ ಹಾಕ್ಸಕೊಂಡ್ರಿ. ಆಗ ಎಲ್ಲಿ ಹೋಗಿತ್ತು ಜ್ವರ?"

ಹಿಂದಿದ್ದವರು ಮರಾಠಿಯಲ್ಲಿ ಗದರಿದರು. ನಾನು ಸಾಲು ಬಿಟ್ಟು ಹೊರಗೆ ಬಂದೆ. ಪೂಜಾರಿ ಕಾಯುತ್ತಿದ್ದುದರಿಂದ ಅತ್ತೆ ಒಬ್ಬರೇ ಒಳಗೆ ಹೋದರು. ಹೆಂಡತಿ ಹೋಗಲಿಲ್ಲ. ನಾನು ನಿಂತಿದ್ದ ಕಂಬದ ಹತ್ತಿರ ಬಂದಳು.

"ನನ್ನ ಮುಂದೂ ತೆಗೀಲಿಲ್ಲ, ದೇವರ ಮುಂದೂ ತೆಗಿಯಂಗಿಲ್ಲ. ಯಾರ ಹೆಸರು ಹಚ್ಚಿ ಹಾಕ್ಸಕೊಂಡೀರಿ ಎದಿ ಮ್ಯಾಲ?"

ಎದೆಯ ಮೇಲೆ ಯಾವಳದೋ ಹೆಸರಿನ ಹಚ್ಚೆ ಇದೆಯೆಂಬುದು ಅವಳ ಗುಮಾನಿ ಎಂದು ನನಗೆ ತಟ್ಟನೆ ಅರ್ಥವಾಗಲಿಲ್ಲ.

"ಖರೇ ಹೇಳ್ರಿ. ಯಾವಾಕಿ ಇದ್ದರ ಇದ್ದಾಳ ಅನ್ರಿ. ನಾ ನಾಸಿಕಕ್ಕ ಬರಂಗಿಲ್ಲ, ಮುಗೀತು. ಅವ್ವಗ ಇವತ್ತೇ ಹೇಳ್ತೀನಿ."

ಮನೆಯಿಂದಲೇ ಸಿದ್ಧ ಮಾಡಿಕೊಂಡು ಬಂದ ಮಾತು ಅದು ಎಂದು ಧ್ವನಿಯಲ್ಲೇ ತಿಳಿಯಿತು. ಆಗ ಹೇಳಿದೆ. ನಾಲ್ಕೈದು ವಾಕ್ಯ, ಶಾಲೆಯ ಆ ಹೆಸರೂ ಸೇರಿ. ಹಿಂದೊಮ್ಮೆ ಇದನ್ನು ಬರೆದಾಗ, ಅಲ್ಲೇ ಅಂಗಿ ಕಳಚಿ ಗರ್ಭಗುಡಿಗೆ ನಡೆದೆ ಎಂದು ಬರೆದಿದ್ದೆ. ಓದಲು ಚೆನ್ನಾಗಿತ್ತು. ನಡೆದದ್ದು ಅದಲ್ಲ. ಬೆನ್ನು ನೆಟ್ಟಗೆ ಮಾಡಿ, ಮಳೆಗೆ ತೊಯ್ದಿದ್ದ ಅಂಗಿಯನ್ನು ಬಗಲಿನ ಹತ್ತಿರ ಹಿಂದಕ್ಕೆ ಎಳೆದು ಹಿಡಿದೆ, ಅಷ್ಟೆ. ಆಕಾರ ಕಂಡಿತು.

"ಇಷ್ಟೇನಾ?" ಎಂದಳು.

ನನಗೆ ಸಮಾಧಾನವಾಗಲಿಲ್ಲ, ಸಿಟ್ಟು ಬಂತು. ಹದಿನೇಳು ವರ್ಷ ಹೊತ್ತದ್ದಕ್ಕೆ ಅಷ್ಟು ಸಣ್ಣ ಮಾತೇ? ಆದರೆ ಅವಳ ಸಿಟ್ಟು ನನ್ನದಕ್ಕಿಂತ ದೊಡ್ಡದಿತ್ತು.

"ಎರಡು ತಿಂಗಳಾತು, ಕನ್ನಡಿ ಮುಂದ ನಿಂತು ನಂದೇ ಏನ್ ಕಮ್ಮಿ ಅದ ಅಂತ ಹುಡುಕ್ಲಿಕ್ಕತ್ತೀನಿ. ಕಪ್ಪ ಇದ್ದೀನಿ ಅಂತ, ಹೊಟ್ಟಿ ಬಂದದ ಅಂತ. ಟೇಪ್ ತೊಗೊಂಡು ನಡಾ ಅಳದೀನಿ ಗೊತ್ತದ ಏನು? ನೀವು ಅಲ್ಲಿ ಕುಂತು ವ್ರತ ಹಿಡದೀರಿ!"

"ನೀ ಕಪ್ಪ ಇರೂದು ನಾ ನೋಡೇ ಇಲ್ಲ," ಎಂದೆ.

"ಅದೂ ನೋಡಿಲ್ಲ!"

ಅತ್ತೆ ಹೊರಗೆ ಬಂದು ನನ್ನ ಹಣೆಗೆ ವಿಭೂತಿ ಹಚ್ಚಿದರು. "ವ್ರತ ಮುಗೀತಲ್ರೀ?"

ನಾನು ಹೆಂಡತಿಯ ಮುಖ ನೋಡಿದೆ. ಆ ಹೊತ್ತಿನಲ್ಲಿ ಅವಳು ಏನು ಹೇಳಿದರೂ ನಾನು ಒಪ್ಪಿಕೊಳ್ಳಬೇಕಿತ್ತು.

"ಮುಗೀತವ್ವ," ಎಂದಳು. "ಆದ್ರ ನಾ ಇವತ್ತ ಹೋಗಂಗಿಲ್ಲ. ಮುಂದಿನ ಐತಾರ ನೋಡ್ತೀನಿ."

ನಾನು ಬಸ್ ಹತ್ತುವಾಗ ಕಿಟಕಿಯ ಹತ್ತಿರ ಬಂದು ಅಷ್ಟೇ ಖಡಕ್ಕಾಗಿ ಹೇಳಿದಳು: "ಇನ್ನೇನರ ಸುಳ್ಳು ಇದ್ದರ ಫೋನಿನಾಗೇ ಹೇಳ್ರಿ. ಬಂದ ಮ್ಯಾಲ ಬ್ಯಾಡ."

ಆ ವಾರ ನಾವು ದಿನವೂ ಬಹಳ ಹೊತ್ತು ಮಾತಾಡಿದೆವು. ಏನು ಮಾತಾಡಿದೆವೋ ನೆನಪಿಲ್ಲ. ಕಿವಿ ಬಿಸಿಯಾಗಿದ್ದು ನೆನಪಿದೆ. ಭಾನುವಾರ ಅವಳು ಬಂದಳು. ಊಟವಾದ ಮೇಲೆ, ಮಧ್ಯಾಹ್ನದ ಬೆಳಕಿನಲ್ಲಿ, ನಾನು ಅಂಗಿ ತೆಗೆದೆ, ಬನಿಯನ್ನೂ ತೆಗೆದೆ. ಕಿಟಕಿಯ ಪರದೆ ಎಳೆಯಲೇ ಎಂದು ಕೇಳಿದೆ. ಅವಳು ಬಂದು ನನ್ನ ಎದೆಯ ಮೇಲೆ ಅಂಗೈ ಇಟ್ಟಳು.

"ಉಸಿರು ಬಿಡ್ರಿ," ಎಂದಳು. "ಯಾಕ ಹಿಡ್ಕೊಂಡೀರಿ?"

ಎದೆ ಬಿಗಿಯಾಗಿ ಕಾಣಲೆಂದು ಹಿಡಿದಿದ್ದೆ. ಬಿಟ್ಟೆ. ಎದೆ ತನ್ನ ಆಕಾರಕ್ಕೆ ಇಳಿಯಿತು. ಕೈ ಅಲ್ಲೇ ಇತ್ತು.

ಆ ದಿನ ಅದಕ್ಕಿಂತ ಹೆಚ್ಚೇನೂ ಆಗಲಿಲ್ಲ. ಪ್ರಯಾಣದ ದಣಿವಿಗೆ ಅವಳು ನನ್ನ ಎದೆಯ ಮೇಲೆ ಕೈ ಇಟ್ಟುಕೊಂಡೇ ನಿದ್ದೆಹೋದಳು. ಅಂಗಿ ಕೈಗೆಟುಕುವಷ್ಟು ದೂರದಲ್ಲಿ ಕುರ್ಚಿಯ ಮೇಲಿತ್ತು. ಎರಡು ಸಲ ಅದರ ಕಡೆ ನೋಡಿದೆ. ಕೈ ಚಾಚಿದ್ದರೆ ಅವಳಿಗೆ ಎಚ್ಚರವಾಗುತ್ತಿತ್ತು.