ಹಾನಗಲ್ಲಿನ ಹನ್ನೊಂದು ನಗು

ಜೂನ್ 20, ಶುಕ್ರವಾರ, ಬೆಳಿಗ್ಗೆ 10:42. ಹಾನಗಲ್ಲಿನ ಚಿತ್ರಮಂದಿರದಲ್ಲಿ ಪರದೆ ಬೆಳಗಿದ್ದು ಆಗ. ಪೋಸ್ಟರಿನಲ್ಲಿ ಹತ್ತೂವರೆ ಎಂದಿತ್ತು. ಒಳಗೆ ಅರವತ್ತಮೂರು ಜನರಿದ್ದರು. ನನ್ನನ್ನೂ ಸೇರಿಸಿ ಹೆಂಗಸರು ಒಂಬತ್ತು.

ಎಣಿಸುವುದು ನನ್ನ ಕೆಲಸ. ಹಿರೇಕೆರೂರಿನ ಒಂದು ಬೀಜದ ಪ್ರಯೋಗಾಲಯದಲ್ಲಿ ಒದ್ದೆ ಕಾಗದದ ಮೇಲೆ ನೂರು ಬೀಜ ಹಾಸಿ, ಏಳನೆಯ ದಿನ ಎಷ್ಟು ಮೊಳೆತವು, ಎಷ್ಟು ಕೊಳೆತವು ಎಂದು ಬರೆಯುತ್ತೇನೆ. ವಾರದ ರಜೆಯನ್ನು ಶುಕ್ರವಾರಕ್ಕೆ ಬದಲಾಯಿಸಿಕೊಂಡದ್ದು ದೆವ್ವದ ಚಿತ್ರಗಳಿಗಾಗಿ. ಮೂರು ವರ್ಷದಿಂದ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಪ್ರತಿ ಚಿತ್ರಕ್ಕೂ ನಾಲ್ಕು ಅಂಕಣ: ಬೆಚ್ಚಿದ್ದು, ಕಿರುಚಿದ್ದು, ಎದ್ದು ಹೋದದ್ದು, ನಗು. ಪ್ರತಿಯೊಂದರ ಎದುರು ನಿಮಿಷ.

ನಾವು ಮೂವರು ಜೊತೆಯಾಗಿ ನೋಡುತ್ತೇವೆ. ನೋಡುತ್ತಿದ್ದೆವು. ಒಬ್ಬರು ಸವಣೂರಿನಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಚಾಚಾ. ಬೆಳಗಿನ ಆಟ ಮುಗಿದ ಕೂಡಲೇ ಟೋಪಿ ಹಾಕಿಕೊಂಡು ಶುಕ್ರವಾರದ ನಮಾಜಿಗೆ ಓಡುತ್ತಾರೆ. ಇನ್ನೊಬ್ಬರು ಶಿಗ್ಗಾಂವದ ಕಾಲೇಜೊಂದರ ಮೇಷ್ಟ್ರು. ನಾನು ಅವರನ್ನು ಸರ್ ಎನ್ನುತ್ತೇನೆ. ಕಳೆದ ವರ್ಷದಿಂದ ಅವರು ಒಂದು ದಿನಪತ್ರಿಕೆಯ ಭಾನುವಾರದ ಪುಟಕ್ಕೆ ಚಿತ್ರವಿಮರ್ಶೆ ಬರೆಯುತ್ತಿದ್ದಾರೆ. ಅವರಿಗೆ ಆ ಕೆಲಸ ಸಿಕ್ಕಾಗ ನಮ್ಮವರೊಬ್ಬರು ಒಳಗೆ ಹೋದರು ಎಂದುಕೊಂಡು ಚಾಚಾ ಮೂವರಿಗೂ ಚಹಾ, ಮಿರ್ಚಿ ಭಜಿ ಕೊಡಿಸಿದ್ದರು. ನಾನೂ ಹಾಗೆಯೇ ಅಂದುಕೊಂಡಿದ್ದೆ.

ಯಾಕೆಂದರೆ ಪತ್ರಿಕೆಗಳಿಗೂ ನಮಗೂ ಯಾವತ್ತೂ ತಾಳೆಯಾಗಿಲ್ಲ. ಅಂದಿನವರೆಗೆ ನಾವು ಮೂವತ್ತೊಂದು ಚಿತ್ರ ನೋಡಿದ್ದೆವು, ಹತ್ತೊಂಬತ್ತು ನಮಗೆ ಹಿಡಿಸಿದ್ದವು. ಆ ಹತ್ತೊಂಬತ್ತರಲ್ಲಿ ಪತ್ರಿಕೆಗಳು ಎರಡಕ್ಕಿಂತ ಹೆಚ್ಚು ನಕ್ಷತ್ರ ಕೊಟ್ಟದ್ದು ಮೂರಕ್ಕೆ. ಆ ಮೂರರಲ್ಲೂ ದೆವ್ವ ಕೊನೆಗೆ ದೆವ್ವವಾಗಿರಲಿಲ್ಲ, ಒಬ್ಬರ ದುಃಖವೋ ಇನ್ನೊಬ್ಬರ ಪಾಪವೋ ಆಗಿತ್ತು. ಪತ್ರಿಕೆಯವರಿಗೆ ದೆವ್ವ ಬೇಡ, ದೆವ್ವದ ಅರ್ಥ ಬೇಕು. ನಮಗೆ ಮೊದಲು ದೆವ್ವ ಬೇಕು.

ಆ ಶುಕ್ರವಾರದ ಚಿತ್ರ ನನಗೆ ಬರೀ ಮೂವತ್ತೆರಡನೆಯದಾಗಿರಲಿಲ್ಲ. ಅದರಲ್ಲಿ ನನ್ನ ಅಕ್ಕನ ಕೆಲಸವಿತ್ತು. ಅಕ್ಕ ಸವಣೂರಿನಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಚಿತ್ರದವರು ಬಟ್ಟೆ ಕೊಳ್ಳಲು ಚಾಚಾರ ಅಂಗಡಿಗೆ ಬಂದಾಗ ಅವರೇ ಅಕ್ಕನ ಮನೆ ತೋರಿಸಿದ್ದರು. ಕಥೆಯ ದೆವ್ವ ಮದುವೆಯ ರವಿಕೆ ಹೊಲಿದು ಮುಗಿಯುವ ಮೊದಲೇ ಸತ್ತ ಹುಡುಗಿ. ಒಂದೇ ತೋಳಿನ ರವಿಕೆ ತೊಟ್ಟು ದರ್ಜಿಗಳ ಬಾಗಿಲು ತಟ್ಟಿ ಇನ್ನೊಂದು ತೋಳು ಕೇಳುತ್ತಾಳೆ. ಅಕ್ಕ ಅಂಥ ಏಳು ರವಿಕೆ ಹೊಲಿದಳು. ಹೆಸರು ಹಾಕುತ್ತೇವೆ ಎಂದು ಅವರು ಅವಳಿಗೆ ಮಾತು ಕೊಟ್ಟಿದ್ದರು. ಹದಿನಾರು ವರ್ಷದಿಂದ ಊರ ತುಂಬ ಅವಳ ಹೊಲಿಗೆ ಓಡಾಡುತ್ತಿದೆ, ಹೆಸರು ಮಾತ್ರ ಎಲ್ಲೂ ಇಲ್ಲ. ಅದನ್ನು ದೊಡ್ಡ ಪರದೆಯ ಮೇಲೆ ಓದಬೇಕೆಂಬುದು ಅವಳ ಆಸೆ.

ಮೊದಲ ವಾರ ಅವಳಿಗೆ ಬರಲಾಗಲಿಲ್ಲ. ಶಾಲೆ ಶುರುವಾಗಿತ್ತು. ಇನ್ನೂರ ನಲವತ್ತು ಸಮವಸ್ತ್ರಗಳನ್ನು ಗುರುವಾರ 26ರೊಳಗೆ ಕೊಡಬೇಕಿತ್ತು. ಎರಡನೆಯ ಶುಕ್ರವಾರ ಬರುತ್ತೇನೆ ಎಂದಳು. ಇನ್ನೊಂದು ತೊಡಕಿತ್ತು. ನಮ್ಮ ಕಡೆಯ ಚಿತ್ರಮಂದಿರಗಳಲ್ಲಿ ಕೊನೆಯ ಹೆಸರುಗಳನ್ನು ಯಾರೂ ತೋರಿಸುವುದಿಲ್ಲ. ಕಥೆ ಮುಗಿದ ಕ್ಷಣ ದೀಪ ಹಾಕಿ, ಬಾಗಿಲು ತೆರೆದು, ಚಿತ್ರ ನಿಲ್ಲಿಸಿಬಿಡುತ್ತಾರೆ. ಅಂದೂ ಹಾಗೇ ಆಯಿತು, ನನಗೂ ಹೆಸರು ಕಾಣಲಿಲ್ಲ. ಮೇಲಿನ ಕೋಣೆಗೆ ಹತ್ತಿ ಚಿತ್ರ ಓಡಿಸುವವರನ್ನು ಕೇಳಿಕೊಂಡೆ.

"ಹೆಸರು ಓದಾಕ ಯಾರ್ ಕುಂದರ್ತಾರವ್ವಾ? ಪಂಖಾ ಬಂದ್ ಮಾಡಿದ್ರೂ ಏಳೂದಿಲ್ಲೇನು?" ಎಂದು ನಕ್ಕರು. ಅಕ್ಕನ ವಿಷಯ ಹೇಳಿದ ಮೇಲೆ, "ಕರ್ಕೊಂಡ್ ಬಾ ಮುಂದಿನ ಶುಕ್ರವಾರ. ಕಟ್ಟಕಡೀ ಅಕ್ಷರದತನಕ ಓಡಸ್ತೇನಿ" ಎಂದರು.

ಈಗ ಅಂದಿನ ಲೆಕ್ಕ. ಬೆಚ್ಚಿದ್ದು 14. ಕಿರುಚಿದ್ದು 9. ಎದ್ದು ಹೋದವರು 2. ನಗು 11. ಹನ್ನೊಂದರಲ್ಲಿ ಒಂಬತ್ತು ನಗು ಕಿರುಚಿದ ಮರುಗಳಿಗೆಯೇ ಬಂದವು, ನಿಮಿಷಗಳು ಅದನ್ನೇ ಹೇಳುತ್ತವೆ. 58ನೆಯ ನಿಮಿಷದಲ್ಲಿ ಕಿರುಚಿದವರಲ್ಲಿ ಸರ್ ಒಬ್ಬರು. ನನ್ನ ಮೊಣಕೈಯನ್ನು ಎಷ್ಟು ಬಿಗಿಯಾಗಿ ಹಿಡಿದರೆಂದರೆ ಪೆನ್ನು ಕೆಳಗೆ ಬಿತ್ತು. ಆಮೇಲೆ ಎಲ್ಲರಿಗಿಂತ ಜೋರಾಗಿ ನಕ್ಕವರೂ ಅವರೇ.

ಆ ನಗುವಿನ ವಿಷಯ ನನಗೆ ಕಲಿಸಿದವರೇ ಅವರು. ಮೊದಲ ವರ್ಷ ನಾನು ನಗುವನ್ನು ಚಿತ್ರದ ಸೋಲೆಂದು ಬರೆದಾಗ ತಿದ್ದಿದ್ದರು: "ಹಂಗಲ್ಲ ತಂಗಿ. ಅಂಜಿದ ಮ್ಯಾಲೆ ಬರೂ ನಗು ಅದು. ಮೈಯಾಗಿನ ಅಂಜಿಕಿ ಹೊರಗ ಬೀಳೂ ಸಪ್ಪಳ. ಎಷ್ಟ್ ನಗತಾರೋ ಅಷ್ಟ್ ಅಂಜ್ಯಾರ ಅಂತ ತಿಳಕೋ."

ಮಧ್ಯಂತರದಲ್ಲಿ ಏಳು ರವಿಕೆಗಳ ಕಥೆಯನ್ನು ಅವರಿಗೆ ಹೇಳಿದೆ. "ಅಕ್ಕಾರ ಕೆಲಸಾ ಭಾರೀ ಆಗೇತಿ. ಬರೀತೇನಿ ಬಿಡು" ಎಂದರು. ಹೊರಗೆ ಬಂದ ಮೇಲೆ ವಿಮರ್ಶೆಗೆ ಬೇಕೆಂದು ನನ್ನ ಅಂಕಣಗಳ ಫೋಟೊ ಕೇಳಿದರು. 1:05ಕ್ಕೆ ಕಳುಹಿಸಿದೆ. ಬಿಡಿಸಿ ಹೇಳುವ ಅಗತ್ಯವಿದೆ ಎಂದು ನನಗೆ ಅನ್ನಿಸಲೇ ಇಲ್ಲ.

ಜೂನ್ 22, ಭಾನುವಾರ, ಬೆಳಿಗ್ಗೆ 7:20. ಪತ್ರಿಕೆ ಬಂತು. ಒಂದೂವರೆ ನಕ್ಷತ್ರ. ಹಾನಗಲ್ಲಿನ ಪ್ರೇಕ್ಷಕರೇ ಹನ್ನೊಂದು ಬಾರಿ ನಕ್ಕರೆಂದೂ, ಹೆದರಿಸಲು ಹೊರಟ ಚಿತ್ರಕ್ಕೆ ಇದಕ್ಕಿಂತ ದೊಡ್ಡ ಸೋಲು ಬೇಕಿಲ್ಲವೆಂದೂ ಇತ್ತು. ದೆವ್ವದ ರವಿಕೆಯಿಂದ ದಾರ ಜೋತಾಡುತ್ತಿದ್ದುದು ಉಡುಪು ಹೊಲಿದವರ ಅಸಡ್ಡೆಗೆ ಸಾಕ್ಷಿ ಎಂದೂ ಇತ್ತು. ಕಿರುಚಿದ ಒಂಬತ್ತರ ಸುದ್ದಿಯೇ ಇರಲಿಲ್ಲ. ಅಂಕಿ ನನ್ನದು. ಮೂರು ಸಲ ಓದಿದೆ, ಮೂರು ಸಲವೂ ಅಂಕಿ ಸರಿಯಾಗಿಯೇ ಇತ್ತು.

ಮಂಗಳವಾರ ಅರ್ಧ ದಿನ ರಜೆ ಹಾಕಿ ಶಿಗ್ಗಾಂವಕ್ಕೆ ಹೋದೆ. ಕಾಲೇಜಿನ ಎದುರಿನ ಚಹಾದಂಗಡಿಯಲ್ಲಿ ಸರ್ ಸಿಕ್ಕರು. ನನ್ನ ಕೈಯಲ್ಲಿದ್ದ ನೋಟ್‌ಬುಕ್ ನೋಡಿದವರೇ ಬೆಂಚಿನ ಮೇಲೆ ಜಾಗ ಮಾಡಿದರು.

"ಸಿಟ್ಟಾಗೀಯೇನು? ಕುಂದರು, ಚಹಾ ಕುಡಿ."

"ಚಹಾ ಬ್ಯಾಡ್ರಿ ಸರ್. ಆ ಹನ್ನೊಂದು ಯಾವ ನಗು ಅಂತ ನಿಮಗ ಗೊತ್ತಿರಲಿಲ್ಲೇನ್ರಿ?"

ಸ್ವಲ್ಪ ಹೊತ್ತು ಚಹಾ ಊದಿದರು. "ಬೆಂಗಳೂರಾಗ ಬರಿಯೋರೆಲ್ಲಾ ಶುಕ್ರವಾರ ಸಂಜೀಕನ ಒಂದೂವರೆ ಕೊಟ್ಟಿದ್ರು. ನಾ ಒಬ್ಬಾಂವ ಮೂರೂವರೆ ಕೊಟ್ರ ಏನಂತಾರ? ದೆವ್ವಾ ನೋಡಿ ಸೀಟಿ ಹೊಡಿಯೂ ಮಂದ್ಯಾಗಿನಾಂವ ಅಂತಾರ. ಮಂದಿ ಜೋಡಿ ಕುಂತು ನೋಡೂದು ಬ್ಯಾರೆ, ಪೇಪರಿಗೆ ಬರಿಯೂದು ಬ್ಯಾರೆ ತಂಗಿ."

"ನೀವೂ ಕಿರುಚೀರಿ. ಬರದೇನಿ. ಐವತ್ತೆಂಟನೇ ನಿಮಿಷ."

ಇಲ್ಲ ಎನ್ನುತ್ತಾರೆ ಎಂದುಕೊಂಡಿದ್ದೆ. ಅವರು ಎನ್ನಲಿಲ್ಲ. ಅಕ್ಕಪಕ್ಕ ನೋಡಿ, ದನಿ ಇಳಿಸಿ, "ಅದನ್ನ ಯಾರಿಗೂ ತೋರಸಬ್ಯಾಡ ಮತ್ತ" ಎಂದರು.

ಅಕ್ಕನ ರವಿಕೆಯ ಬಗ್ಗೆ ಕೇಳಬೇಕಿತ್ತು. ಅಷ್ಟರಲ್ಲಿ ಕಾಲೇಜಿನ ಗಂಟೆ ಹೊಡೆಯಿತು, ಅವರು ಎದ್ದರು. ಆರು ನಿಮಿಷದ ಮಾತು. ಮೂವತ್ತೆರಡು ಚಿತ್ರ ಜೊತೆಗೆ ನೋಡಿದ್ದೆವು.

ಅಲ್ಲಿಂದ ಸವಣೂರಿಗೆ ಹೋದೆ. ಅಕ್ಕ ಆಗಲೇ ಓದಿದ್ದಳು. ಯಂತ್ರ ತುಳಿಯುತ್ತಲೇ ಮಾತಾಡಿದಳು.

"ದಾರ ಜೋತಾಡತಿತ್ತಂತ. ಅಸಡ್ಡೆ ಅಂತ. ಏಳೂ ರವಿಕಿಗೆ ಎರಡೂ ತೋಳು ಹಚ್ಚಿ, ಆಮ್ಯಾಲೆ ಒಂದೊಂದ ಬಿಚ್ಚೇನಿ ನಾ. ಹಚ್ಚದ ಬಿಟ್ಟಿದ್ದು ಬ್ಯಾರೆ ಕಾಣತೈತಿ, ಹಚ್ಚಿ ಕಿತ್ತಿದ್ದು ಬ್ಯಾರೆ ಕಾಣತೈತಿ. ಅವಗೇನ್ ಗೊತ್ತು?"

"ಗೊತ್ತಿತ್ತು ಅಕ್ಕಾ. ಮಧ್ಯಂತರದಾಗ ನಾನ ಹೇಳಿದ್ನಿ. ಆ ಹನ್ನೊಂದೂ ನಂದ ನೋಟ್‌ಬುಕ್ಕಿಂದು."

ಯಂತ್ರ ನಿಂತಿತು. ಅವಳು ಬೈಯಲಿಲ್ಲ. ಹೊಲಿಯುತ್ತಿದ್ದ ನೀಲಿ ಲಂಗ ತಿರುಗಿಸಿ ಅಂಚು ನೋಡಿ, "ಹೆಸರು ಹಾಕ್ತೇವಿ ಅಂದಾರಲ್ಲ, ಸಾಕು. ಶುಕ್ರವಾರ ಎಷ್ಟಕ್ಕ ಬರ್ಲಿ?" ಎಂದಳು.

ಗುರುವಾರ ಸಂಜೆ 5:10ಕ್ಕೆ ಚಾಚಾ ಫೋನ್ ಮಾಡಿದರು. "ಬೇಟಾ, ನಾಳಿಂದ ಆ ಪಿಕ್ಚರ್ ತಗದ್ರಂತ. ಮಾಲಕರಿಗೆ ಕೇಳಿದ್ನಿ. 'ನಮ್ಮ ಥೇಟರಿನ ಮಂದೀನ ನಕ್ಕಾರಂತ ಪೇಪರಿನ್ಯಾಗ ಬಂದೈತಲ್ರಿ, ಇನ್ನ ಯಾರ್ ಬರ್ತಾರ' ಅಂದ್ರು. ನಾ ಹೇಳ್ದೆ, ಅದು ಅಂಜಿದ್ದಕ್ಕ ನಕ್ಕಿದ್ದು ಅಂತ. ಅದಕ್ಕ ಅವ್ರೂ ನಕ್ರು." ಫೋನ್ ಇಡುವ ಮೊದಲು, "ಆ ನಗು ಬರಕೋಬ್ಯಾಡ" ಎಂದರು.

ಬೇರೆ ಊರಿನ ಚಿತ್ರಮಂದಿರಗಳಿಗೂ ಚಾಚಾ ಫೋನ್ ಮಾಡಿದ್ದರು. ಎಲ್ಲೂ ಇರಲಿಲ್ಲ. ಚಿತ್ರದವರು ಕೊಟ್ಟಿದ್ದ ನಂಬರಿಗೆ ಕರೆ ಹೋಗುತ್ತಿಲ್ಲ.

ಶುಕ್ರವಾರ ಅಕ್ಕ ಇನ್ನೂರ ನಲವತ್ತನ್ನೂ ಮುಗಿಸಿ ಕೂತಿದ್ದಳು. ಹೊಸ ಸೀರೆ ತೆಗೆದಿಟ್ಟಿದ್ದಳು. ಚಿತ್ರ ಇಲ್ಲ ಎಂದು ನಾನೇ ಹೋಗಿ ಹೇಳಿದೆ. ಸಂಜೆಯವರೆಗೆ ಅವಳು ಒಂದೇ ಒಂದು ಪ್ರಶ್ನೆ ಕೇಳಿದಳು: "ಹೆಸರು ಖರೇನ ಹಾಕಿದ್ರೇನ?" ನನ್ನ ನಾಲ್ಕು ಅಂಕಣಗಳಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ಒಂದೇ ತೋಳಿನ ರವಿಕೆ ತೊಟ್ಟು ದರ್ಜಿಗಳ ಬಾಗಿಲು ತಟ್ಟುವ ದೆವ್ವದ ಚಿತ್ರ ನಿಮ್ಮೂರಿನಲ್ಲಿ ಬಂದಿದ್ದರೆ, ದೀಪ ಹತ್ತಿದ ಮೇಲೂ ನೀವು ಕೂತು ಕೊನೆಯ ಹೆಸರುಗಳನ್ನು ಓದಿದ್ದರೆ, ದಯವಿಟ್ಟು ಪ್ರಕಾಶಕರ ಮೂಲಕ ನನಗೆ ಬರೆಯಿರಿ. ಯಾವ ಊರು, ಯಾವ ತಾರೀಖು, ಎಷ್ಟು ಗಂಟೆಯ ಆಟ ಎಂದು ತಿಳಿಸಿ. ಉಡುಪು ಹೊಲಿದವರು ಎಂಬುದರ ಕೆಳಗೆ ಸವಣೂರಿನ ಒಬ್ಬ ಹೆಂಗಸಿನ ಹೆಸರಿತ್ತೇ? ಇರಲಿಲ್ಲವಾದರೆ ಅದನ್ನೂ ಬರೆಯಿರಿ.